ಮುನಿಯಪ್ಪಣ್ಣನ ಹೊಲದ ಕವರುಗಳು

ಸ್ನೇಹಿತರೇ, ಬೆಳಿಗ್ಗೆ ಬೆಳಿಗ್ಗೆಯೇ ಪಕ್ಕದ ಮನೆಯ ಮುನಿಯಪ್ಪಣ್ಣ ಜಗಳಕ್ಕೆ ಬಂದರು. ನಿನ್ನೆ ನಮ್ಮ ತಿಪ್ಪೆಯ ಗೊಬ್ಬರವನ್ನು ತಮ್ಮ ರಾಗಿ ಹೊಲಕ್ಕೆ ಹೊಡೆಸಿಕೊಂಡಿದ್ದರು.

"ಗೊಬ್ಬರ ಕೇಳಿದ್ರೆ ಪ್ಲಾಸ್ಟಿಕ್ ಕೊಟ್ಟಿದ್ದೀಯಲ್ಲಮ್ಮ! ಒಲದ ತುಂಬಾ ಕವರು. ಭೂಮ್ತಾಯಿ ಉಸ್ರಾಡೋದೆಂಗೆ?" ಎನ್ನುತ್ತಾ ಒಂದು ರಾಶಿ ಕವರ್ ತಂದು ನಮ್ಮ ಜಗುಲಿಗೆ ಸುರಿದರು.

ಮಾತು ಸುಳ್ಳಲ್ಲ. ಗುಡಿಸಿದ ಕಸವೆಲ್ಲ ನಮ್ಮಲ್ಲಿ ತಿಪ್ಪೆಗೇ ಹೋಗುತ್ತದೆ. ಒಂದು ಕವರನ್ನು ಕೊಡವಿ ನೋಡಿದೆ. ಅವರ ಮಗನ ಮದುವೆಯಲ್ಲಿ ಊರಿಗೆಲ್ಲ ಹಂಚಿದ ತಾಂಬೂಲದ ಕವರ್! ವಧೂವರರ ಹೆಸರು ಒಂದಕ್ಷರವೂ ಮಾಸಿಲ್ಲ.

"ಅಣ್ಣಾ, ಇದು ನೀನೇ ಕೊಟ್ಟಿದ್ದಲ್ವಾ?"

ತಿರುಗಿಸಿ ಓದಿದರು. ನಕ್ಕರು. ಕಾಫಿ ಕುಡಿದು, ಇಬ್ಬರೂ ಹೊಲಕ್ಕೆ ಹೋಗಿ ಉಳಿದದ್ದನ್ನೂ ಆರಿಸಿದೆವು.

"ಮಗಳ ಮದ್ವೆಗೆ ಬಟ್ಟೆ ಚೀಲಾನೇ ಕೊಡ್ತೀನಮ್ಮ," ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಸೇರಿಸಿದರು: "ಎಸ್ರು ಮಾತ್ರ ಆಕ್ಸಲ್ಲ."