ವಿಲಿಮೈನಾ ಹೇಳಿದ ಒಂದೇ ‘ಇಲ್ಲ’

ನಮ್ಮ ದ್ವೀಪದ ಸಿಂಗಾಟೋಕಾ ಸಂತೆಯಲ್ಲಿ ಕೆಸುವಿನ ಗಡ್ಡೆ ಮಾರುವ ವಿಲಿಮೈನಾಳ ಬಾಯಿಂದ ‘ಇಲ್ಲ’ ಎಂಬ ಮಾತು ಕೇಳಿದವರಿಲ್ಲ. ನೆಂಟರು ಬಂದು ‘ಕೆರೆಕೆರೆ’ ಎಂದರೆ ಸಾಕು, ಗಡ್ಡೆಯ ಕಟ್ಟೋ, ಹೊಸ ಚಾಪೆಯೋ, ಬಸ್ಸಿನ ಕಾಸೋ ಕೈ ಬದಲಾಗುತ್ತಿತ್ತು. ಹಾಗೆ ಕೇಳಿದ್ದನ್ನು ಕೊಡದಿದ್ದರೆ ಅವಮಾನ ಕೇಳಿದವರಿಗಲ್ಲ, ಕೊಡದವರಿಗೆ. ಅವಳು ಮಾತ್ರ ಯಾರ ಮುಂದೆಯೂ ಕೈಚಾಚಿದವಳಲ್ಲ. ಸೋದರಮಾವನ ಮನೆಯಲ್ಲಿ ಬೇಕಾದ್ದನ್ನು ಕೇಳುವ ಹಕ್ಕು ಇಲ್ಲಿ ಹುಟ್ಟಿನಿಂದಲೇ ಬರುತ್ತದೆ. ಆ ಹಕ್ಕನ್ನೂ ಅವಳು ಮಡಿಸಿ ಮೂಲೆಗಿಟ್ಟಿದ್ದಳು.

ಅದೊಂದು ಬೆಳಿಗ್ಗೆ ಫೋನಿಗೆ ಉನೈಸಿಯ ಹೆಸರಲ್ಲಿ ಸಂದೇಶ ಬಂತು. ಉನೈಸಿ ಅಣ್ಣನ ಮಗಳು, ನಾಂದಿ ಪಟ್ಟಣದ ಹೋಟೆಲಿನಲ್ಲಿ ಕೆಲಸಕ್ಕಿದ್ದವಳು. “ನೇಯ್, ಕೆರೆಕೆರೆ. ನನ್ ಫೋನ್ ಕೆಟ್ಟಿದೆ. ನಿನ್ ಫೋನಿಗೆ ಒಂದ್ ನಂಬರ್ ಬರತ್ತೆ, ನಂಗೆ ಕಳ್ಸು.”

ನೇಯ್ ಎಂದು ಕರೆಯುವುದು ಸೋದರತ್ತೆಯನ್ನು. ಹಾಗೆ ಕರೆದವಳ ಗುರುತು ಕೇಳುವುದುಂಟೇ? ನಂಬರು ಬಂತು. ಕೆಳಗೆ ‘ಇದನ್ನು ಯಾರಿಗೂ ಕೊಡಬೇಡಿ’ ಎಂದಿತ್ತು. ವಿಲಿಮೈನಾ ಅದನ್ನು ಓದಿಯೇ ಕಳಿಸಿದಳು. ಯಾರಿಗೂ ಎಂದರೆ ಹೊರಗಿನವರಿಗೆ. ಮಡಿಲಲ್ಲಿ ಆಡಿದ ಹುಡುಗಿ ‘ಯಾರೋ’ ಹೇಗಾದಾಳು? ಇಂಥ ಎಚ್ಚರಿಕೆ ಬರೆಯುವ ಮಹಾನುಭಾವರು ತಣ್ಣನೆಯ ಕೋಣೆಯಲ್ಲಿ ಕೂತು ಒಂಟಿ ಮನುಷ್ಯನನ್ನು ನೆನೆದು ಬರೆಯುತ್ತಾರೆ, ನೆಂಟರ ನಡುವೆ ಬಾಳುವವರನ್ನಲ್ಲ. ಕಳ್ಳ ಹಾಗಲ್ಲ. ಅವನು ಉನೈಸಿಯ ಹಳೆಯ ಮಾತುಕತೆಯನ್ನೆಲ್ಲ ಓದಿ, ಯಾರನ್ನು ಏನೆಂದು ಕರೆಯಬೇಕೆಂದು ಕಲಿತುಕೊಂಡೇ ಬಂದಿದ್ದ. ಸ್ವಲ್ಪ ಹೊತ್ತಿಗೆ ಇನ್ನೊಂದು ನಂಬರು ಬಂತು. ಅದನ್ನೂ ಕಳಿಸಿದಳು.

ನೆತ್ತಿಗೆ ಬಿಸಿಲೇರಿದಾಗ ನಿಜವಾದ ಉನೈಸಿಯೇ ಕರೆ ಮಾಡಿದಳು. “ನೇಯ್, ಯಾರೋ ನನ್ ಹೆಸರಲ್ಲಿ ಎಲ್ರಿಗೂ ಬರೀತಿದಾರೆ. ನೀನು ನಂಬರ್ ಗಿಂಬರ್ ಏನೂ ಕೊಟ್ಟಿಲ್ಲ ತಾನೆ?”

“ಇಲ್ಲ,” ಎಂದಳು ವಿಲಿಮೈನಾ.

ಫೋನು ಇಟ್ಟು ನೋಡಿದರೆ ಸಂದೇಶಗಳ ಬಾಗಿಲು ಅವಳಿಗೇ ಮುಚ್ಚಿತ್ತು. ಫೋನಿನೊಳಗಿನ ಖಾತೆಯಲ್ಲಿದ್ದ ದುಡ್ಡು ಬರಿದಾಗಿತ್ತು. ಹೋದದ್ದು ನನ್ನದು, ದಡ್ಡತನ ನನ್ನದು, ಊರಿಗೆಲ್ಲ ಯಾಕೆ ಸಾರಬೇಕು ಎಂದುಕೊಂಡಳು. ಮತ್ತೆ ಮತ್ತೆ ಫೋನು ಬಡಿದುಕೊಂಡಿತು. ಅವಳು ಅದನ್ನು ಗೋಣಿಯ ಕೆಳಗೆ ತುರುಕಿ, ಗಡ್ಡೆಯ ಮಣ್ಣು ಒರೆಸುತ್ತ ಕೂತಳು.

ಸಂತೆ ಕರಗುವ ಹೊತ್ತಿಗೆ ಕೆಲೆರಾ ಬಂದಳು. ವಿಲಿಮೈನಾ ‘ಮೊಮೊ’ ಎಂದು ಕರೆಯುವ ಸೋದರಮಾವ ಅಪೊರೋಸಾನ ಮಗಳು. ಇಬ್ಬರ ನಡುವೆ ಬೈಗುಳವಿಲ್ಲದೆ ಮಾತು ಶುರುವಾದದ್ದೇ ಇಲ್ಲ. ಆ ನಂಟೇ ಅಂಥದ್ದು.

“ಏನೇ ಹಳೇ ಏಡಿ, ಫೋನ್ ಎತ್ತೋಕೆ ಕೈ ಬಿದ್ ಹೋಗಿದ್ಯಾ?”

ವಿಲಿಮೈನಾ ತಿರುಗಿ ಬೈಯಲಿಲ್ಲ. ಕೆಲೆರಾ ಗೋಣಿಯ ಮೇಲೆ ಕುಕ್ಕರಿಸಿದಳು.

“ನಿನ್ ಹೆಸರಲ್ಲಿ ನಂಗೆ ಕೆರೆಕೆರೆ ಬಂತು. ‘ದಯವಿಟ್ಟು ಕೆಲೆರಾ’ ಅಂತೆ. ನೀನು ಯಾವತ್ತಾದ್ರೂ ನಂಗೆ ದಯವಿಟ್ಟು ಅಂದಿದೀಯಾ? ‘ಹೋಗೇ ಹಂದಿಮೂತಿ’ ಅಂತ ಬರ್ದೆ. ಆ ಕಡೆಯಿಂದ ‘ಧನ್ಯವಾದ’ ಅಂತ ಬಂತು. ಇದು ನೀನಲ್ಲ ಅಂತ ಅವಾಗ್ಲೇ ಗೊತ್ತಾಯ್ತು. ನಿಂಗೆ ಫೋನ್ ಮೇಲೆ ಫೋನ್ ಮಾಡ್ದೆ.”

“ಮೊಮೊಗೂ ಬಂತಾ?”

ಕೆಲೆರಾ ನಗು ನಿಲ್ಲಿಸಿದಳು. “ತೋಟದಿಂದ ಓಡೋಡಿ ಮನೆಗೆ ಹೋದೆ. ಅಷ್ಟರಲ್ಲಿ ಅಪ್ಪ ಕಳ್ಸಿ ಆಗಿತ್ತು. ದೋಣಿಗೆ ಇಂಜಿನ್ ತರೋಕೆ ಕೂಡಿಟ್ಟಿದ್ದ ದುಡ್ಡು.”

ವಿಲಿಮೈನಾ ಗಡ್ಡೆಗಳನ್ನು ಇದ್ದಲ್ಲೇ ಬಿಟ್ಟಳು. ಪಕ್ಕದ ಅಂಗಡಿಯಲ್ಲಿ ಅರೆದು ಕುಡಿಯುವ ಯಂಗೋನಾ ಬೇರಿನ ಒಂದು ಕಟ್ಟು ಕೇಳಿ ತೆಗೆದುಕೊಂಡಳು. ತಪ್ಪೊಪ್ಪಿಕೊಳ್ಳಲು ಬರಿಗೈಯಲ್ಲಿ ಹೋಗುವಂತಿಲ್ಲ. ಹೊಳೆಯಾಚೆ ಅಪೊರೋಸಾನ ಮನೆಯಲ್ಲಿ ಬಾಗಿಲ ಬಳಿಯೇ ಕೂತು, ಬೇರಿನ ಕಟ್ಟನ್ನು ಮುಂದೆ ಸರಿಸಿ ತಲೆ ತಗ್ಗಿಸಿದಳು. “ಮೊಮೊ, ನಂಬರ್ ಕೊಟ್ಟಿದ್ದು ನಾನು. ಕೊಟ್ಟಿಲ್ಲ ಅಂತ ಸುಳ್ಳು ಹೇಳಿದ್ದೂ ನಾನೇ.”

“ನೀನು ಕೇಳಿದೆ ಅಂತ ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ ಮಗಳೇ,” ಎಂದ ಮುದುಕ. “ಕಡೆಗೂ ಈ ಹುಡುಗಿ ನನ್ನನ್ನ ಮಾವ ಅಂದ್ಕೊಂಡ್ಳಲ್ಲ ಅಂತ. ಎಷ್ಟು, ಏತಕ್ಕೆ, ನಾನೇನೂ ಕೇಳ್ಲಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಅವಳ ಹಣೆ ಚಾಪೆಗೆ ತಾಗಿತು.

ಅಪೊರೋಸಾ ಅಂಗೈ ಬಟ್ಟಲು ಮಾಡಿ ಚಪ್ಪಾಳೆ ತಟ್ಟಿದ. ಬೇರನ್ನು ಒಪ್ಪಿಕೊಂಡ ಹಾಗೆ. ಆಮೇಲೆ ಕೇಳಿದ: “ಉಳಿದವ್ರಿಗೆ ಹೇಳಿದ್ಯಾ?”

“ಇನ್ನು ಹೇಳ್ಬೇಕು.”

“ಮತ್ತೆ ನನ್ ಮುಂದೆ ಕೂತು ಅಳ್ತಿದೀಯಲ್ಲ. ಕೆಲೆರಾ, ನಿನ್ ಫೋನ್ ಕೊಡು ಅವಳಿಗೆ.”

ನೆಂಟರಿಗೆ, ಸಂತೆಯವರಿಗೆ, ಪಾದ್ರಿಗೆ, ಎಲ್ಲರಿಗೂ ಅದೇ ಮಾತು: “ನಾನು ವಿಲಿಮೈನಾ. ಕೇಳ್ತಿರೋದು ನಾನಲ್ಲ. ಕಳ್ಳನಿಗೆ ನಂಬರ್ ಕೊಟ್ಟಿದ್ದು ನಾನು.” ಇಬ್ಬರು ಕಳಿಸುವುದರಲ್ಲಿದ್ದವರು ನಿಲ್ಲಿಸಿದರು. ಕೊನೆಗೆ ಉನೈಸಿಗೂ ಕರೆ ಮಾಡಿ ಹೇಳಿದಳು.

“ನಾನು ಕೇಳಿದ್ನಲ್ಲ ನೇಯ್.”

ಮರುದಿನ ಫೋನ್ ಕಂಪನಿಯ ಕೌಂಟರಿನಲ್ಲಿದ್ದವಳು ದೂರು ಬರೆದುಕೊಂಡು, ಗೊತ್ತಾದ ಗಳಿಗೆಯಲ್ಲೇ ತಿಳಿಸಿದ್ದರೆ ಖಾತೆಗಳಿಗೆ ಬೀಗ ಹಾಕಬಹುದಿತ್ತು ಎಂದಳು. ವಿಲಿಮೈನಾಳ ದುಡ್ಡು ಅಷ್ಟರಲ್ಲಿ ಹೋಗಿಯಾಗಿತ್ತು. ಆದರೆ ಮಾವ ಕಳಿಸಿದ್ದು ಆ ‘ಇಲ್ಲ’ದ ನಂತರ. ಈ ಕತೆ ಹೇಳುವ ನಾನು ಕಳ್ಳನನ್ನು ಶಪಿಸುತ್ತೇನೆ, ಅವನಿಗೆ ಅದು ತಾಗುವುದಿಲ್ಲ. ಮೋಸ ಹೋದವರನ್ನು ಕಂಡು ನಗುವ ನಮಗೆ ತಾಗಲಿ. ನಮ್ಮ ನಗುವಿಗೆ ಹೆದರಿಯೇ ಅವಳು ಬಾಯಿ ಮುಚ್ಚಿದ್ದು.

ಈಗ ಆ ಮನೆತನದಲ್ಲಿ ಫೋನಿನ ಬರಹಕ್ಕೆ ಯಾರೂ ಕೊಡುವುದಿಲ್ಲ. ಕೇಳುವವರು ಮುಖ ತೋರಿಸಬೇಕು, ಇಲ್ಲವೇ ದನಿ ಕೇಳಿಸಬೇಕು. “ನಂಗಾದ್ರೆ ಮೊದ್ಲು ಬೈಬೇಕು,” ಎನ್ನುತ್ತಾಳೆ ಕೆಲೆರಾ.

ಅಪೊರೋಸಾ ಇನ್ನೂ ಬಿದಿರ ಗಳ ಹಾಕಿಯೇ ದೋಣಿಯಲ್ಲಿ ಹೊಳೆ ದಾಟುತ್ತಾನೆ. ಬೆಳಿಗ್ಗೆ ಗಡ್ಡೆ ಜೋಡಿಸುವಾಗ ವಿಲಿಮೈನಾಗೆ ಗಳ ನೀರಿಗಿಳಿಯುವ ಸದ್ದು ಕೇಳುತ್ತದೆ. ಅವನು ಸಂತೆಗೆ ಬಂದು ಅವಳೆದುರು ನಿಂತು, “ಕೆರೆಕೆರೆ ಮಗಳೇ, ಒಂದ್ ಕಟ್ಟು ಗಡ್ಡೆ,” ಎನ್ನುತ್ತಾನೆ. ಅವನ ತೋಟದಲ್ಲೇ ಗಡ್ಡೆಗೆ ಬರವಿಲ್ಲ. ಅವಳು ಇರುವುದರಲ್ಲೇ ದಪ್ಪನೆಯ ಕಟ್ಟನ್ನು ಎತ್ತಿ ಕೊಡುತ್ತಾಳೆ, ಅವನ ಮುಖ ನೋಡದೆ.