ಪಕ್ಕದ ತಾಲೂಕಿನ ಗುಳಿಗೆ

ಮನಸ್ಸಿನ ಕಾಯಿಲೆಗೆ ಗುಳಿಗೆ ಬೇಕೆಂದರೆ ನಮ್ಮ ಕಡೆಯವರು ಪಕ್ಕದ ತಾಲೂಕಿಗೆ ಹೋಗುತ್ತಿದ್ದರು. ಸವಣೂರಿನವರು ಹಾನಗಲ್ಲಿಗೆ, ಹಾನಗಲ್ಲಿನವರು ಶಿಗ್ಗಾಂವಿಗೆ, ಶಿಗ್ಗಾಂವಿನವರು ಸವಣೂರಿಗೆ. ಎಲ್ಲ ಕಡೆಗೂ ತಿಂಗಳಿಗೊಮ್ಮೆ ಬರುತ್ತಿದ್ದವರು ಅದೇ ಡಾಕ್ಟರು, ಕೊಡುತ್ತಿದ್ದದ್ದು ಅದೇ ಗುಳಿಗೆ. ಆದರೂ ಪರವೂರಿನಲ್ಲಿ ನುಂಗಿದರೆ ಗುಟ್ಟು ಉಳಿಯುತ್ತದೆ ಎಂದು ನಂಬಿದ್ದೆವು.

ನನ್ನದು ಚಿಂತೆಯ ರೋಗ. ಕೀಲಿ ಹಾಕಿ ಓಣಿಯ ತಿರುವಿನವರೆಗೆ ಹೋದವಳು ತಿರುಗಿ ಬಂದು ಜಗ್ಗಿ ನೋಡುತ್ತಿದ್ದೆ. ಮಗಳು ಫೋನ್ ಎತ್ತದಿದ್ದರೆ, ಅವಳನ್ನು ಮಣ್ಣು ಮಾಡಲು ಯಾರಿಗೆಲ್ಲ ಹೇಳಿ ಕಳಿಸಬೇಕೆಂಬುದೂ ನನ್ನ ತಲೆಯಲ್ಲಿ ತಯಾರಾಗಿರುತ್ತಿತ್ತು. ಕೊನೆಗೆ ನಿದ್ದೆ ಬಿಟ್ಟು, ರೊಟ್ಟಿ ಬಡಿಯಲೂ ಕೈ ಏಳದಂತಾದಾಗ ಯಜಮಾನರು ಹಾನಗಲ್ಲಿಗೆ ಕರೆದೊಯ್ದರು. ಮುಂದೆ ಒಬ್ಬಳೇ ಹೋಗತೊಡಗಿದೆ. ಓಣಿಯಲ್ಲಿ ಕೇಳಿದವರಿಗೆಲ್ಲ, ಕಣ್ಣು ತೋರಿಸಲು ಎನ್ನುತ್ತಿದ್ದೆ.

ಒಮ್ಮೆ ಆಸ್ಪತ್ರೆಯ ಬೆಂಚಿನ ತುದಿಗೆ ಒಬ್ಬರು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದರು. ಕೆಮ್ಮು ಪರಿಚಯದ್ದು. ನಮ್ಮ ಎದುರುಮನೆಯ ಕಾಕಿ!

"ಹಲ್ಲು ತೋರ್ಸಾಕ ಬಂದೇನವಾ," ಎಂದರು.

"ನಾ ಕಣ್ಣು," ಎಂದೆ.

ನರ್ಸಮ್ಮ ಇಬ್ಬರನ್ನೂ ಒಂದೇ ಬಾಗಿಲಿಗೆ ಕರೆದಳು.

"ನಿನ್ನ ಕಣ್ಣು ತಲಿಯೊಳಗ ಹೋಗ್ಯಾವೇನವಾ?" ಎಂದರು ಕಾಕಿ.

"ನಿಮ್ಮ ಹಲ್ಲೂ ಅಲ್ಲೇ ಅದಾವೇನ್ರಿ ಕಾಕಿ?"

ಅಂದಿನಿಂದ ಕೂಡಿಯೇ ಹೊರಡುತ್ತಿದ್ದೆವು. ಬಸ್ಸಿನಲ್ಲಿ ಕಿಟಕಿಯ ಬದಿ ಅವರು. ಬಸ್ಸು ಉರುಳಿದರೆ ಯಾವ ಕಡೆ ಜಿಗಿಯಬೇಕೆಂದು ಯೋಚಿಸುತ್ತ ನಾನು. ಮರಳುವಾಗ ಬಸ್‌ಸ್ಟ್ಯಾಂಡಿನ ಬಳಿ ಗಿರ್ಮಿಟ್ಟು, ಮೆಣಸಿನಕಾಯಿ ಬಜಿ. ಗಂಡ ಹೋದ ಮೇಲೆ ನಿದ್ದೆಯೂ ಹೋದದ್ದನ್ನು ಕಾಕಿ ಹೇಳಿದ್ದು ಅಲ್ಲಿಯೇ, ಬಾಯಲ್ಲಿ ಬಜಿ ಇಟ್ಟುಕೊಂಡೇ. ನಾನು ಗುಣವಾದದ್ದರಲ್ಲಿ ಗುಳಿಗೆಯ ಪಾಲೆಷ್ಟು, ಆ ಗಿರ್ಮಿಟ್ಟಿನ ಪಾಲೆಷ್ಟು ಎಂದು ಡಾಕ್ಟರಿಗೂ ಹೇಳಲಾಗದು. ಈಗಲೂ ಹಾನಗಲ್ಲಿನ ಬಸ್ಸು ಕಂಡರೆ ಸುಮ್ಮನೆ ಹತ್ತಿಬಿಡೋಣ ಅನಿಸುತ್ತದೆ.

ಬರಬರುತ್ತ ಕಾಕಿಯ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲೊಲ್ಲವಾದವು. ಹಿಂದೊಮ್ಮೆ ಗುಳಿಗೆ ತಪ್ಪಿದಾಗ ಅವರು ಗೋಡೆ ನೋಡುತ್ತ ಕೂತದ್ದನ್ನು ಕಂಡಿದ್ದೆ, ಮತ್ತೆ ತಪ್ಪುವಂತಿರಲಿಲ್ಲ. ಉಳಿದದ್ದು ನಮ್ಮ ಸವಣೂರಿನ ಆಸ್ಪತ್ರೆ. ಅಲ್ಲಿ ಕಾಲಿಟ್ಟರೆ ಇಡೀ ಓಣಿಗೆ ಗೊತ್ತಾಗುತ್ತದೆ.

"ಮಂದಿ ಏನಂತಾರ್ರಿ?"

"ಒಬ್ಬಾಕಿ ಹೋದ್ರ ಹುಚ್ಚಿ ಅಂತಾರ. ಇಬ್ರು ಹೋದ್ರ ಮಹಿಳಾ ಸಂಘ ಅಂತಾರ. ನಡಿಯವಾ!"

ಹೋದೆವು. ಸಾಲಿನಲ್ಲಿ ನಿಂತು ಹೊಳ್ಳಿ ನೋಡಿದರೆ ನಮ್ಮ ಹಾಲಿನವಳು. ಹಾಲಿನ ಜೊತೆ ಸುದ್ದಿಯನ್ನೂ ಮನೆಮನೆಗೆ ಅಳೆದು ಹಾಕುವವಳು.

"ಇಲ್ಲ್ಯಾಕ ನಿಂತೀರಿ ಅಕ್ಕಾರ?"

ಇದ್ದಬದ್ದ ಸುಳ್ಳೆಲ್ಲ ನಾಲಗೆಯ ತುದಿಗೆ ಬಂದವು. ಕಾಕಿ ನನ್ನ ರಟ್ಟೆ ಚಿವುಟಿದರು.

"ಚಿಂತಿ ಹಚ್ಕೊಂಡು ಎದಿ ಹೊಡ್ಕೊಂತಿತ್ತವಾ. ಗುಳಿಗಿ ತೊಗೊತೇನಿ. ಈಗ ಅರಾಮ ಅದೇನಿ," ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಮುಂದೆ ನಿಂತವರೂ ತಿರುಗಿದರು.

ಹಾಲಿನವಳು ಆಚೀಚೆ ನೋಡಿ ಹತ್ತಿರ ಸರಿದಳು. "ನನ್ನ ಸೊಸಿ ಹಡದಾಗಿಂದ ಬರೇ ಅಳ್ತಾಳ್ರಿ. ಕೂಸಿನ್ನ ಎತ್ಕೊಳ್ಳಾಕ ಒಲ್ಲೆ ಅಂತಾಳ. ನಾಳಿ ಕರ್ಕೊಂಡು ಬರ್ಲೇನ್ರಿ?"

"ನಾಳಿ ಡಾಕ್ಟರ್ ಇರಂಗಿಲ್ಲ," ಎಂದರು ಕಾಕಿ. "ಈಗ ಕರ್ಕೊಂಡು ಬಾ. ಪಾಳಿ ನಾವು ಹಿಡಿದಿರ್ತೇವಿ."