ಶುದ್ಧ ಅರೇಬಿಕಾ ಬೋರ್ಡು

ಕೊಪ್ಪಳದಲ್ಲಿ ನಮ್ಮ ಕಾಕಾನ ಕಾಫಿಪುಡಿ ಅಂಗಡಿಯ ಬಾಗಿಲ ಮೇಲೆ ‘ಶುದ್ಧ ಅರೇಬಿಕಾ’ ಎಂಬ ಬೋರ್ಡಿತ್ತು. ಗಂಗಾವತಿಯಲ್ಲಿ ಹೋಟೆಲ್ ಇಟ್ಟವರೊಬ್ಬರು ಅದನ್ನು ನಂಬಿಯೇ ಪುಡಿ ಒಯ್ಯುತ್ತಿದ್ದರು. ಒಂದು ದಿನ ಬಂದು, “ಸಾವ್ಕಾರ್ರ, ನಿಮ್ಮ ಪುಡ್ಯಾಗ ಅಗ್ಗದ ರೊಬಸ್ಟಾ ಬೀಜ ಐತಿ. ನಾಲಿಗಿ ಹೇಳತೈತಿ” ಅಂದರು.

ಕಾಕಾ ಒಬ್ಬನೇ ಇದ್ದಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದ. ನಾನು ಬಿಡಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಎದುರಿನವರ ಬಾಯಿ ಮುಚ್ಚಿಸಿ ರೂಢಿ.

“ನಾಲಿಗಿ ಸಾಕ್ಷಿ ಅಲ್ರಿ. ಹುರಿದು ಪುಡಿ ಮಾಡಿದ ಮ್ಯಾಲೂ ಬೀಜದ ಜಾತಿ ಗೊತ್ತಾಗತೈತಿ. ಪುಡ್ಯಾಗಿನ ಎಣ್ಣಿ ತಗದು ನೋಡ್ತಾರ. ಅರೇಬಿಕಾದಾಗ ಕಾಣದಂಥಾ ಒಂದು ವಸ್ತು ರೊಬಸ್ಟಾದಾಗ ಇರತೈತಿ.”

“ಬರದು ಕೊಡ್ರಿ ಮೇಡಂ.”

ಬರೆದುಕೊಟ್ಟೆ: ಲ್ಯಾಬಿನದೇ ಕೊನೆಯ ಮಾತು, ರೊಬಸ್ಟಾ ಸಿಕ್ಕರೆ ಬೋರ್ಡು ಇಳಿಸುತ್ತೇವೆ. ಕಾಕಾ ಕಾಲು ಕಿಲೋ ಪುಡಿ ಕಟ್ಟಿದ. ಪೊಟ್ಟಣದ ಮೇಲೆ ಮೂವರೂ ಸಹಿ ಹಾಕಿದೆವು. ಲ್ಯಾಬಿಗೆ ನಾನೇ ಕಳಿಸಿದೆ.

ವರದಿ ಬಂತು. ಅರೇಬಿಕಾ, ಜೊತೆಗೆ ಒಂದಿಷ್ಟು ರೊಬಸ್ಟಾ.

ಹೋಟೆಲಿನವರು ಎದುರಿಗೇ ಕುಳಿತಿದ್ದರು. ಲ್ಯಾಬೇ ತಪ್ಪಿರಬೇಕು ಎನ್ನಲು ಬಾಯಿ ತೆರೆದೆ. ನನ್ನ ಚೀಟಿ ಅವರ ಅಂಗಿಯ ಕಿಸೆಯಿಂದ ಇಣುಕುತ್ತಿತ್ತು. ಅಷ್ಟರಲ್ಲಿ ಕಾಕಾನೇ ಮಾತಾಡಿದ.

“ಅದು ಕೊಸರು ಇರಬೇಕವ್ವ.”

“ಯಾವ ಕೊಸರು?”

“ತೂಕ ಆದ ಮ್ಯಾಲ ಒಂದು ಹಿಡಿ ಹೆಚ್ಚಿಗಿ ಹಾಕ್ತೀನಲ್ಲ. ಬಾಜೂ ಡಬ್ಬಿದು.”

“ಬಾಜೂ ಡಬ್ಬಿ ಬ್ಯಾರೆ ಮಾರೂ ರೊಬಸ್ಟಾ ಕಾಕಾ.”

“ಪುಕ್ಕಟಿ ಕೊಡೂದು ಯಾವ ಡಬ್ಬಿದಾದ್ರೇನು? ಬರೇ ತೂಕ ಕೊಟ್ರ ಗಿರಾಕಿ ಏನಂದಾರು?”

ನಾನು ವಾದಕ್ಕೆ ನಿಂತಿದ್ದಾಗ ಅವನ ಕೈ ಆ ಡಬ್ಬಿಗೆ ಹೋಗಿದ್ದನ್ನು ನೋಡಿರಲಿಲ್ಲ. ಕಾಕಾ ಮೋಸಗಾರನಲ್ಲ ಎಂದು ಸಾಧಿಸಬೇಕಾದರೆ ಈ ಕೊಸರನ್ನೇ ಹೇಳಬೇಕು. ಹೇಳಿದರೆ ಪುಡಿ ಶುದ್ಧವಲ್ಲ ಎಂದು ನಾನೇ ಒಪ್ಪಿದಂತೆ. ಯಾವ ಕಡೆ ತಿರುಗಿದರೂ ನಾನೇ ಕಟ್ಟಿದ ಗೋಡೆ.

“ಕೊಸರಿಲ್ಲದ ಪೊಟ್ಟಣ ಇನ್ನೊಂದ್ಸಲ ಕಳಸೋಣೇನ್ರಿ?” ಎಂದೆ.

“ಕೊಸರಿಲ್ಲದ ಪುಡಿ ನಾ ಯಾವತ್ತರ ಒಯ್ದೀನೇನ್ರಿ ಮೇಡಂ?”

ಅವರು ದನಿ ಏರಿಸಲೂ ಇಲ್ಲ. ಕಾಕಾ ನನ್ನತ್ತ ನೋಡಿದ. “ಏನರ ಮಾತಾಡವ್ವ. ಅಷ್ಟು ಕಪ್ ಗೆದ್ದು ತಂದಾಕಿ.”

ಮೂಲೆಯಲ್ಲಿದ್ದ ಸ್ಟೂಲನ್ನು ಬಾಗಿಲಿಗೆ ಎಳೆದು ಹತ್ತಿದೆ. ಬೋರ್ಡಿನ ಮೊಳೆ ಬಿಗಿಯಾಗಿತ್ತು. ಸ್ಟೂಲು ಅಲುಗದಂತೆ ಕೆಳಗೆ ಕಾಕಾನೇ ಹಿಡಿದುಕೊಂಡ.